ಅಂಗಡಿಯ ಹಣೆ

ನನ್ನ ಅತ್ತೆಗೆ ಬದನೆಕಾಯಿ ಆಗುತ್ತಿರಲಿಲ್ಲ. ಒಂದು ಹೋಳು ಬಾಯಿಗೆ ಹೋದರೂ ಸ್ವಲ್ಪ ಹೊತ್ತಿನಲ್ಲೇ ಕುತ್ತಿಗೆಯಿಂದ ಕೆಳಗೆ ಕೆಂಪು ಗಂಧೆಗಳು ಏಳುತ್ತಿದ್ದವು, ತುಟಿ ದಪ್ಪವಾಗುತ್ತಿತ್ತು. ಆಗ ಕರಿ ಕಂಬಳಿ ಹೊದ್ದುಕೊಂಡು ಕೂತು ಯಾರಿಂದಲಾದರೂ ಬೆನ್ನು ಉಜ್ಜಿಸಿಕೊಳ್ಳುತ್ತಿದ್ದಳಂತೆ. ಹಾಗಾಗಿ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿದ್ದ ಆ ಮನೆಯೊಳಗೆ ಬದನೆಕಾಯಿ ಬರುತ್ತಿರಲಿಲ್ಲ. ರೊಟ್ಟಿಯ ಜೊತೆಗೆ ಎಣ್ಣೆಗಾಯಿ ಇಲ್ಲದ ಮನೆ ನಮ್ಮ ಕಡೆ ಬೇರೊಂದು ಇತ್ತೋ ಇಲ್ಲವೋ ನನಗೆ ತಿಳಿಯದು. ಮಾವನಿಗೆ ಅದರ ಮೇಲೆ ಜೀವ. ಬೀಗರ ಮನೆಗೆ ಹೋದಾಗ ಎರಡೆರಡು ಸಲ ಹಾಕಿಸಿಕೊಂಡು ತಿಂದು, ಮನೆಗೆ ಬಂದು ಸುಮ್ಮನಾಗುತ್ತಿದ್ದ. ಅತ್ತೆಯ ಮೈ ಬೇಡ ಅಂದಿತ್ತು, ಮನೆ ಹೂಂ ಅಂದಿತ್ತು. ಅದು ನಾಟಕ ಅಂತಾಗಲಿ ಸೊಕ್ಕು ಅಂತಾಗಲಿ ಯಾರೂ ಅಂದವರಲ್ಲ.

ಇಲ್ಲಿಂದಲೇ ಶುರು ಮಾಡುವುದಕ್ಕೆ ಕಾರಣವಿದೆ. ಬೇರೆ ಎಲ್ಲಿಂದ ಶುರು ಮಾಡಿದರೂ ಈ ಕತೆಯಲ್ಲಿ ನಾನು ಪಾಪದ ಹುಡುಗಿಯಾಗಿಬಿಡುತ್ತೇನೆ. ನೆನಪಿಗೆ ಆ ಚಟವಿದೆ. ಹೇಳುವವಳ ಮುಖ ತೊಳೆದು, ತಲೆ ಬಾಚಿ, ಕಣ್ಣಲ್ಲಿ ಎರಡು ಹನಿ ಇಟ್ಟು ಕೂರಿಸುತ್ತದೆ. ಆ ಹುಡುಗಿ ನನಗೆ ಬೇಡ. ನನಗೆ ಬೇಕಾಗಿದ್ದು ಸೇಡು, ಈಗ ಬರೆಯುವಾಗಲೂ ಅದೇ ಬೇಕು. ಇದರಲ್ಲಿ ಅತ್ತೆ ಮಾವಂದಿರಿಗೆ ಏಕವಚನ ಬಳಸುತ್ತಿದ್ದೇನೆ. ಅವರ ಎದುರಿಗೆ ಎಂದೂ ಬಳಸಿರಲಿಲ್ಲ.

ಎಪ್ಪತ್ತರ ದಶಕದ ನಡುವೆ ಕುರುಗೋಡಿನಿಂದ ಆ ಮನೆಗೆ ಸೊಸೆಯಾಗಿ ಬಂದೆ. ಮುಂದೆ ಅಂಗಡಿ, ಹಿಂದೆ ಮನೆ. ಅಂಗಡಿಯಲ್ಲಿ ಅರಿಶಿನ, ಕುಂಕುಮ, ವಿಭೂತಿ, ಕರ್ಪೂರ, ಊದಬತ್ತಿ. ಹೆಸರು ಇದ್ದದ್ದು ಕುಂಕುಮಕ್ಕೆ. ಸುತ್ತಲಿನ ಹಳ್ಳಿಗಳಿಂದ ಹೆಂಗಸರು ಹುಡುಕಿಕೊಂಡು ಬರುತ್ತಿದ್ದರು. ಅಂಥ ಕೆಂಪು ಬೇರೆ ಕಡೆ ಸಿಗುತ್ತಿರಲಿಲ್ಲ. ಕಣ್ಣಿಗೆ ಹೊಡೆಯುವ ಕೆಂಪು. ಬೆವರಿಗೆ ಇಳಿಯುತ್ತಿರಲಿಲ್ಲ, ಸೆರಗಿಗೆ ಹತ್ತಿದರೆ ಒಗೆದರೂ ಹೋಗುತ್ತಿರಲಿಲ್ಲ. ಅಂಗಡಿಯ ಒಂದು ಬದಿ ಹೆಂಗಸರದು. ಶ್ರಾವಣ, ದಸರಾ ಬಂತೆಂದರೆ ಆ ಬದಿಯಲ್ಲಿ ಮನೆಯ ಹೆಂಗಸರೇ ಕೂತು ತೂಗಿ ಕೊಡಬೇಕು. ಆ ಮನೆಯ ಪದ್ಧತಿ ಏನೆಂದರೆ ಅಂಗಡಿಯ ಸೊಸೆ ಅಂಗಡಿಯ ಕುಂಕುಮವನ್ನೇ ಹಚ್ಚಬೇಕು, ಓಣಿಯ ಆ ತುದಿಗೆ ಕಾಣುವ ಹಾಗೆ ಹಚ್ಚಬೇಕು. ಮೊದಲು ಹಣೆಗೆ ಮೇಣ ತೀಡಿ, ಅದರ ಮೇಲೆ ರೂಪಾಯಿ ಅಗಲದ ಕುಂಕುಮ. ಗಿರಾಕಿ ಹೆಂಗಸು ನನ್ನ ಹಣೆ ನೋಡಿ, ಇದೇ ಕೊಡವ್ವಾ ಅನ್ನಬೇಕು. ಅಂಗಡಿಗೆ ಬೇರೆ ಬೋರ್ಡು ಇತ್ತು, ಆದರೆ ಅದನ್ನು ಓದುವ ಹೆಂಗಸರು ಕಡಿಮೆ. ನನ್ನ ಹಣೆಯನ್ನು ಎಲ್ಲರೂ ಓದುತ್ತಿದ್ದರು.

ಅತ್ತೆಯ ಹಣೆಯ ಮೇಲಿದ್ದದ್ದು ಸಣ್ಣ ಬೊಟ್ಟು, ಬಣ್ಣ ಸ್ವಲ್ಪ ಮಾಸಲು. ಅದನ್ನು ಆಗಲೇ ಗಮನಿಸಿದ್ದೆ ಅನ್ನಿಸುತ್ತದೆ. ಅನ್ನಿಸುವುದಷ್ಟೇ. ಗೊತ್ತಾದ ಮೇಲೆ ನೆನಪು ಹಿಂದಕ್ಕೆ ಓಡಿ, ಅಲ್ಲೊಂದು ಗುರುತು ಇಟ್ಟು ಬಂದಿರಬೇಕು.

ಮೊದಮೊದಲು ಏನೂ ಆಗಲಿಲ್ಲ. ಒಂದು ಹಬ್ಬ ಕಳೆಯಿತು, ಇನ್ನೊಂದು ಕಳೆಯಿತು. ಆಮೇಲೆ ಹುಬ್ಬುಗಳ ನಡುವೆ ನವೆ ಶುರುವಾಯಿತು. ಕೆರೆದೆ. ಕೆಂಪಾಯಿತು, ಬಾತಿತು, ಸಣ್ಣ ಸಣ್ಣ ನೀರಗುಳ್ಳೆ ಎದ್ದು ಒಡೆದು ಅಂಟಂಟಾಗಿ ಹಕ್ಕಳೆ ಕಟ್ಟಿತು. ಬೆಳಿಗ್ಗೆ ಎದ್ದರೆ ಕಣ್ಣಿನ ರೆಪ್ಪೆ ಬಿಡಿಸಲಾಗುತ್ತಿರಲಿಲ್ಲ. ಅತ್ತೆ ನೋಡಿದಳು. ಉಷ್ಣ ಅಂದಳು. ಅರಿಶಿನ ತೇಯ್ದು ಹಚ್ಚಿ, ಅದರ ಮೇಲೆ ಎಂದಿಗಿಂತ ದಪ್ಪವಾಗಿ ಕುಂಕುಮ ಒತ್ತಿದಳು. ಹುಣ್ಣು ಮುಚ್ಚಬೇಕು, ಹಣೆ ಬರಿದಾಗಿ ಕಾಣಬಾರದು. ಹುಣ್ಣು ಹೆಚ್ಚಾದಷ್ಟೂ ಕುಂಕುಮ ಅಗಲವಾಯಿತು, ಕುಂಕುಮ ಅಗಲವಾದಷ್ಟೂ ಹುಣ್ಣು ಹರಡಿತು. ಇದು ತಿಂಗಳುಗಟ್ಟಲೆ ನಡೆಯಿತು. ಬೆಂಕಿ ಆರಿಸುವುದಕ್ಕೆ ಸೀಮೆಎಣ್ಣೆ ಸುರಿಯುತ್ತಿದ್ದೇವೆ ಅನ್ನುವುದು ಯಾರಿಗೂ ಹೊಳೆದಿಲ್ಲ ಅಂತ ಆಗ ಅಂದುಕೊಂಡಿದ್ದೆ. ನನಗೂ ಹೊಳೆಯಲಿಲ್ಲ. ಕುಂಕುಮದ ಮೇಲೆ ಯಾರಾದರೂ ಅನುಮಾನ ಪಡುತ್ತಾರೆಯೇ? ನೀರಿನ ಮೇಲೆ ಪಡುತ್ತಾರೆ, ಸೋಪಿನ ಮೇಲೆ ಪಡುತ್ತಾರೆ, ದೃಷ್ಟಿ ತೆಗೆಸುತ್ತಾರೆ, ಸೊಸೆಯ ನಡತೆಯ ಮೇಲೂ ಪಡುತ್ತಾರೆ.

ಒಂದು ಮಧ್ಯಾಹ್ನ ಓಣಿಯ ಹೆಂಗಸರ ಎದುರಿಗೆ ಅತ್ತೆ ಅಂದಳು, "ಕೆಲವರ ಹಣಿಗೆ ಕುಂಕುಮ ಒಗ್ಗಂಗಿಲ್ಲವಾ. ಏನ್ ಪಡಕೊಂಡು ಬಂದಿರತಾರೋ ಏನೋ."

ದನಿ ಎತ್ತರಿಸಲಿಲ್ಲ. ಕೈಯಲ್ಲಿ ಹೂಬತ್ತಿ ಹೊಸೆಯುತ್ತಿದ್ದಳು. ಆ ಮಾತಿನ ಅರ್ಥ ಅಲ್ಲಿದ್ದ ಎಲ್ಲ ಹೆಂಗಸರಿಗೂ ಆಯಿತು. ಇಂಥವಳ ಕೈಯಿಂದ ಕುಂಕುಮ ಇಡಿಸಿಕೊಳ್ಳಬಾರದು ಅಂತ. ಆಮೇಲಿನ ಅರಿಶಿನ ಕುಂಕುಮದ ಕರೆಗಳಿಗೆಲ್ಲ ಅತ್ತೆ ಒಬ್ಬಳೇ ಹೋದಳು.

ತವರಿಗೆ ಕಳಿಸಿದರು. ಕುರುಗೋಡಿನಲ್ಲಿ ನನ್ನ ತಾಯಿ ಹಣೆ ನೋಡಿದಳು. ಕಾಯಿಸಿ ಆರಿಸಿದ ನೀರಿನಲ್ಲಿ ತೊಳೆದಳು. ಹುಣ್ಣಿರುವ ತನಕ ಕುಂಕುಮ ಬೇಡ, ಮೇಲ್ಗಡೆ ವಿಭೂತಿ ಒಂದು ಎಳೆ ಸಾಕು ಅಂದಳು. ಆಕೆಯೂ ಏನೋ ತಿಳಿದು ಮಾಡಿದ್ದಲ್ಲ. ಹುಣ್ಣಿನ ಮೇಲೆ ಏನನ್ನೂ ಒತ್ತಬಾರದು ಅನ್ನುವ ಸಾದಾ ಕರುಣೆ ಅಷ್ಟೇ. ಗುಡ್ಡದ ಕಡೆಯಿಂದ ಬಿಸಿ ಗಾಳಿ ಬೀಸುವ ದಿನಗಳು; ಆದರೂ ಹಣೆ ಒಣಗಿತು, ಹಕ್ಕಳೆ ಉದುರಿತು, ಕಪ್ಪು ಕಲೆಯೊಂದು ಉಳಿಯಿತು. ಬ್ರೂಸ್‌ಪೇಟೆಗೆ ಹಿಂತಿರುಗಿ ಮತ್ತೆ ಮೇಣ ತೀಡಿ ಕುಂಕುಮ ಇಟ್ಟೆ. ಎರಡನೆಯ ದಿನ ರೆಪ್ಪೆ ಬಾತಿತು.

"ತವರಮನಿಗೆ ಹೋಗಾಕ ಚಲೋ ಉಪಾಯ ಕಂಡೀಯವ್ವಾ," ಅಂದಳು ಅತ್ತೆ. "ಅಲ್ಲಿ ಹ್ವಾದ್ರ ವಾಸಿ, ಇಲ್ಲಿ ಬಂದ್ರ ಹುಣ್ಣು. ನಮ್ಮ ಮನಿ ಗಾಳಿ ಆಗಂಗಿಲ್ಲೇನ ನಿನಗ?"

ಗಂಡ ಮೆತ್ತನೆಯ ಮನುಷ್ಯ. ದಿನವಿಡೀ ಅಂಗಡಿಯಲ್ಲಿ ಕಾಗದದ ಪೊಟ್ಟಣ ಕಟ್ಟುತ್ತಿದ್ದ, ಅಪ್ಪ ಎದುರಿಗೆ ಬಂದರೆ ಮಾತು ನುಂಗುತ್ತಿದ್ದ. ಆತ ನನ್ನನ್ನು ಒಮ್ಮೆ ಮನೆಯಲ್ಲಿ ಹೇಳದೆ ದೊಡ್ಡ ದವಾಖಾನೆಯ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಆತ ಮಾಡಿದ ಆ ಒಂದು ಕೆಲಸವನ್ನು ಇಲ್ಲಿ ಹೇಳಿದ್ದೇನೆ. ಬೇರೇನೂ ಹೇಳುವುದಕ್ಕಿಲ್ಲ.

ಡಾಕ್ಟರು ಅರ್ಧ ತೆಲುಗಿನಲ್ಲಿ ಮಾತಾಡುವ ಸಿಡುಕು ಮನುಷ್ಯ. ಮುಖಕ್ಕೆ ಏನೇನು ಹಚ್ಚುತ್ತೀಯೋ ಎಲ್ಲ ತೆಗೆದುಕೊಂಡು ಬಾ ಅಂದರು. ಕುಂಕುಮ, ಮೇಣ, ಅರಿಶಿನ, ಕೊಬ್ಬರಿ ಎಣ್ಣೆ, ಸೋಪು, ಪೌಡರು ಎಲ್ಲವನ್ನೂ ಪೊಟ್ಟಣ ಕಟ್ಟಿಕೊಂಡು ಹೋದೆ. ಒಂದೊಂದನ್ನೂ ಚೂರು ಚೂರು ಬಟ್ಟೆಗೆ ಹಚ್ಚಿ ಬೆನ್ನ ಮೇಲೆ ಸಾಲಾಗಿ ಪಟ್ಟಿ ಅಂಟಿಸಿದರು. ಎರಡು ದಿನ ಬೆನ್ನು ತೋಯಿಸಬೇಡ ಅಂದರು. ಮನೆಯಲ್ಲಿ ಮೈಗೆ ಸರಿಯಿಲ್ಲ ಅಂತ ಹೇಳಿ ಸ್ನಾನ ತಪ್ಪಿಸಿದೆ. ಒಂದು ಚೌಕ ಬೆಂಕಿಯ ಹಾಗೆ ಉರಿಯುತ್ತಿತ್ತು. ಯಾವುದು ಅಂತ ಕಾಣುವಂತಿರಲಿಲ್ಲ. ಬೆನ್ನು ನನ್ನದೇ ಆದರೂ ಓದಲು ಬೇರೆಯವರೇ ಬೇಕು. ಪಟ್ಟಿ ಕಿತ್ತಾಗ ಉಳಿದ ಜಾಗವೆಲ್ಲ ಸುಮ್ಮನಿತ್ತಂತೆ. ಕುಂಕುಮದ ಚೌಕ ಮಾತ್ರ ಊದಿಕೊಂಡು ನೀರು ಬಿಟ್ಟಿತ್ತು.

"ಏಮ್ಮಾ, ಇದು ಕುಂಕುಮ ಅಲ್ಲ, ಬಟ್ಟೆ ಬಣ್ಣ," ಅಂದರು.

ನನಗೆ ಅತ್ತೆಯ ಬದನೆಕಾಯಿ ನೆನಪಾಯಿತು, ಕೇಳಿದೆ. ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ಅಲರ್ಜಿ ಒಂದೇ ಥರದ್ದಲ್ಲ. ಕೆಲವರಿಗೆ ಬದನೆಕಾಯಿ, ಕೆಲವರಿಗೆ ಶೇಂಗಾ, ಕೆಲವರಿಗೆ ಮೀನು, ಕೆಲವರಿಗೆ ಜಾಲಿ ಹೂವಿನ ಧೂಳು. ಅದು ಒಳಗೆ ಹೋದ ಕೂಡಲೇ ಮೈ ಎದ್ದುಬೀಳುತ್ತದೆ. ಗಂಧೆ, ಸೀನು, ದಮ್ಮು. ಎಲ್ಲೋ ಒಬ್ಬಿಬ್ಬರಿಗೆ ಗಂಟಲು ಕಟ್ಟಿ ಉಸಿರೇ ನಿಲ್ಲಬಹುದು, ಅಂಥವರನ್ನು ಹೊತ್ತು ಕಳೆಯದೆ ದವಾಖಾನೆಗೆ ಒಯ್ಯಬೇಕು. ಅದು ಬೇಗ ಬರುವುದರಿಂದ ಕಾರಣ ಬೇಗ ಗೊತ್ತಾಗುತ್ತದೆ, ಜನ ನಂಬುತ್ತಾರೆ. ನನ್ನದು ನಿಧಾನದ್ದು. ಹಚ್ಚಿದ ದಿನ ಏನೂ ಇಲ್ಲ. ಮರುದಿನವೋ ಅದರ ಮರುದಿನವೋ ಏಳುತ್ತದೆ. ಅಷ್ಟರಲ್ಲಿ ತಿಂದದ್ದು, ಹೋದದ್ದು, ಬಂದದ್ದು ಎಲ್ಲದರ ಮೇಲೂ ಅಪವಾದ ಬಂದಿರುತ್ತದೆ, ನಿಜವಾದ ಕಳ್ಳ ಹಣೆಯ ಮೇಲೇ ಕೂತಿರುತ್ತಾನೆ. ಮೊದಲು ಕೆಲವು ತಿಂಗಳು ಮೈ ಸುಮ್ಮನಿರುತ್ತದೆ, ಗುರುತು ಹಿಡಿದುಕೊಳ್ಳುತ್ತಿರುತ್ತದೆ. ಒಮ್ಮೆ ಗುರುತು ಹಿಡಿಯಿತೆಂದರೆ ಜೀವನಪೂರ್ತಿ ಬಿಡುವುದು ಅಪರೂಪ. ಮುಲಾಮು ಊತ ಇಳಿಸುತ್ತದೆ, ಗುರುತು ಅಳಿಸುವುದಿಲ್ಲ. ಆ ವಸ್ತುವನ್ನು ಬಿಡಬೇಕು, ಅಷ್ಟೇ.

ಇಷ್ಟು ವರ್ಷಗಳಲ್ಲಿ ನನ್ನ ಮನಸ್ಸಿನ ನೆನಪನ್ನು ನಾನು ಎಷ್ಟೋ ಸಲ ಸುಳ್ಳಿನಲ್ಲಿ ಹಿಡಿದಿದ್ದೇನೆ. ಅದು ರಾಜಿಯಾಗುತ್ತದೆ, ಒಳ್ಳೆಯ ಊಟ ಹಾಕಿದರೆ ಮರೆಯುತ್ತದೆ. ಚರ್ಮದ ನೆನಪು ಬೇರೆ. ಅದಕ್ಕೆ ವಿವೇಕವಿಲ್ಲ, ದಾಕ್ಷಿಣ್ಯವೂ ಇಲ್ಲ. ಒಂದು ಚಿಟಿಕೆ ಬಣ್ಣಕ್ಕೆ ಮುಖವನ್ನೇ ಸುಟ್ಟುಕೊಂಡು ಸೇಡು ತೀರಿಸುತ್ತದೆ. ಆ ದಿನ ಅದು ನನಗೆ ಬಹಳ ಹಿಡಿಸಿತು.

ಡಾಕ್ಟರು ಬರೆದುಕೊಟ್ಟ ಚೀಟಿ ತಂದು ಮಾವನಿಗೆ ಕೊಟ್ಟೆವು. ಓದಲಿಲ್ಲ, ಮಡಚಿ ಗಲ್ಲಾಪೆಟ್ಟಿಗೆಯೊಳಗೆ ಹಾಕಿದ. ಅಂಗಡಿಯ ಹಿಂದಿನ ಕೋಣೆಯಲ್ಲಿ ಸುದ್ದೆ ಅನ್ನುವ ಬಿಳಿ ಮಣ್ಣಿನ ಹಿಟ್ಟಿನ ಚೀಲ, ಅದರ ಪಕ್ಕ ಬಣ್ಣದ ಡಬ್ಬಿಗಳು ಇದ್ದದ್ದನ್ನು ನಾನು ಮದುವೆಯಾದಾಗಿನಿಂದ ನೋಡುತ್ತಿದ್ದೆ, ಗೋಡೆಗೆ ಹೊಡೆಯುವುದಕ್ಕೆ ಅಂದುಕೊಂಡಿದ್ದೆ. ಈಗ ಆ ಕೋಣೆಗೆ ಬೀಗ ಬಿತ್ತು.

"ಕುಂಕುಮದಂಗಡಿ ಸೊಸಿಗೆ ಕುಂಕುಮ ಆಗಂಗಿಲ್ಲ ಅಂದ್ರ ನಾಳಿ ಯಾವ ಗಿರಾಕಿ ಬರತಾಳ?" ಅಂದ ಮಾವ. "ಹಚ್ಚಿಕೊಂಡು ಇರಾದಿದ್ರ ಇರು. ಇಲ್ಲಾಂದ್ರ ಕುರುಗೋಡಿಗೆ ಹೋಗಿ ಅಲ್ಲೇ ಇರು. ಶ್ರಾವಣ ಮುಗಿಯೂತನಕ ನೋಡತೀನಿ."

ಶ್ರಾವಣ ಮುಗಿದ ಮೇಲೆ ಏನು ಅನ್ನುವುದನ್ನು ಅತ್ತೆ ಓಣಿಯವರ ಹತ್ತಿರ ಹೇಳಿಟ್ಟಿದ್ದಳು. ಕಂಪ್ಲಿ ಕಡೆ ಒಂದು ಹುಡುಗಿ ಇದೆ, ಹಣೆ ಲಕ್ಷಣವಾಗಿದೆ ಅಂತ. ಹಾಗಾಗಿ ನನ್ನ ಮುಂದೆ ಇದ್ದದ್ದು ಎರಡೇ ದಾರಿ. ಮುಖ ಕಳೆದುಕೊಂಡು ಮನೆಯಲ್ಲಿರುವುದು ಅಥವಾ ಮನೆ ಕಳೆದುಕೊಂಡು ಮುಖ ಉಳಿಸಿಕೊಳ್ಳುವುದು.

ಅದೇ ವರ್ಷ ಆಷಾಢಕ್ಕೆ ಮೊದಲು ಸಿರುಗುಪ್ಪದಲ್ಲಿ ಅತ್ತೆಯ ಅಣ್ಣನ ಮಗಳ ಕುಬುಸ. ಬಸುರಿಗೆ ಉಡಿ ತುಂಬುವ ಕಾರ್ಯಕ್ಕೆ ಸೊಸೆಯನ್ನು ಬಿಟ್ಟು ಹೋದರೆ ಕೇಳುತ್ತಾರೆಂದು ನನ್ನನ್ನೂ ಕರೆದೊಯ್ದಳು. ಹುಣ್ಣಿನ ಮೇಲೆ ಕುಂಕುಮ ಮೆತ್ತಿ, ಸೆರಗನ್ನು ಹುಬ್ಬಿನ ತನಕ ಎಳೆದಿದ್ದಳು. ಬಸ್ಸಿನ ಕಿಟಕಿಯಲ್ಲಿ ಭತ್ತದ ಗದ್ದೆ, ಕಾಲುವೆ ನೀರು. ತಣ್ಣಗಿರಬೇಕಿತ್ತು. ನನ್ನ ಹಣೆ ಕೆಂಡವಾಗಿತ್ತು.

ಆ ಮನೆಯ ಹಿತ್ತಲಿನ ಪಡಸಾಲೆಯಲ್ಲಿ ಬಿಳಿ ಬಟ್ಟೆಯ ಮೇಲೆ ಕೆಂಪನೆಯ ಕೊಂಬುಗಳು ಒಣಗುತ್ತಿದ್ದವು. ಅರಿಶಿನ ಕೊಂಬನ್ನು ನಿಂಬೆರಸ, ಬಿಳಿಗಾರ, ಪಟಿಕದಲ್ಲಿ ನೆನೆಹಾಕಿ, ನೆರಳಲ್ಲಿ ಒಣಗಿಸಿ, ಕುಟ್ಟಿ ಜರಡಿ ಹಿಡಿದರೆ ಕುಂಕುಮ. ಹೊಡೆಯುವ ಕೆಂಪಲ್ಲ, ಸ್ವಲ್ಪ ಮಾಸಲು. ಅತ್ತೆಯ ಅಣ್ಣನ ಹೆಂಡತಿ ಕೊಂಬು ತಿರುವಿ ಹಾಕುತ್ತ ಕೂತಿದ್ದಳು. ದಪ್ಪನೆಯ, ನಗುಮುಖದ ಹೆಂಗಸು. ನನ್ನ ಸೆರಗು ಜಾರಿದಾಗ ಹಣೆ ನೋಡಿ ಕೈ ನಿಲ್ಲಿಸಿದಳು.

"ಅಂಗಡೀದು ಹಚ್ಚಿಕೊಂಡೀ ಏನವ್ವಾ?"

ಹೂಂ ಅಂದೆ.

"ನಿಮ್ಮತ್ತಿ ಹೇಳಿಲ್ಲೇನ? ಆಕಿಗೂ ಹಿಂಗ ಆಗಿತ್ತಲ್ಲ, ಹೊಸದಾಗಿ ಹ್ವಾದಾಗ. ಮಾರಿ ಬಾತು ಗುರುತು ಸಿಗತಿದ್ದಿಲ್ಲ. ಅವತ್ತಿಂದ ವರ್ಷಾ ಇಲ್ಲಿಂದ ಮಾಡಿ ಕಳಸ್ತೀವಿ ಆಕಿಗೆ. ನಿನಗ ಒಂಚೂರು ಕೊಟ್ಟಿಲ್ಲೇನು?"

ಆಕೆ ಚಾಡಿ ಹೇಳಿದ್ದಲ್ಲ, ನಿಜವಾಗಿಯೂ ಆಶ್ಚರ್ಯಪಟ್ಟಿದ್ದಳು. ಒಳಗಿನಿಂದ ಅತ್ತೆ ಯಾರಿಗೋ ಆರತಿ ತಟ್ಟೆ ತರಲು ಹೇಳುವುದು ಕೇಳಿಸಿತು. ನಾನು ಒಣಗುತ್ತಿದ್ದ ಕೊಂಬುಗಳನ್ನು ನೋಡುತ್ತ ನಿಂತೆ. ಇಷ್ಟು ತಿಂಗಳು ನನ್ನ ಹಣೆಯ ಮೇಲೆ ಆ ಬಣ್ಣವನ್ನು ಹೆಬ್ಬೆರಳಿನಿಂದ ಒತ್ತಿದವಳಿಗೆ ಅದು ಹೇಗೆ ಸುಡುತ್ತದೆ ಅನ್ನುವುದು ಗೊತ್ತಿತ್ತು. ತಿಳಿಯದೆ ಮಾಡಿದ್ದರೆ ಕ್ಷಮಿಸುತ್ತಿದ್ದೆನೇನೋ. ಆಕೆ ತಾನು ಸುಟ್ಟುಕೊಂಡು, ತಪ್ಪಿಸಿಕೊಂಡು, ಆ ಜಾಗದಲ್ಲಿ ನನ್ನನ್ನು ಕೂರಿಸಿದ್ದಳು. ಬೋರ್ಡಿಗೆ ಒಂದು ಹಣೆ ಬೇಕಿತ್ತು, ಆಕೆಯದು ಆಗಿ ಹೋಗಿತ್ತು.

ಕುಬುಸದ ಊಟಕ್ಕೆ ಎಣ್ಣೆಗಾಯಿ ಮಾಡಿದ್ದರು. ಹೆಂಗಸರ ಪಂಕ್ತಿಗೆ ಬಡಿಸುವ ಕೆಲಸ ನನಗೆ ಬಿತ್ತು. ಅತ್ತೆ ಪಕ್ಕದವಳ ಜೊತೆ ಮಾತಿಗೆ ಬಿದ್ದಿದ್ದಳು, ಎಲೆಯ ಕಡೆ ಕಣ್ಣಿರಲಿಲ್ಲ. ಸಾರಿನಲ್ಲಿ ಒಂದು ಚಮಚ ಎಣ್ಣೆಗಾಯಿಯ ರಸ ಬೆರೆತರೆ ಸಾಕಿತ್ತು. ನನ್ನ ನೆನಪಿನಲ್ಲಿ ಆ ಸೌಟು ಆ ಎಲೆಯ ಮೇಲೆ ಬಹಳ ಹೊತ್ತು ನಿಂತಿದೆ. ನಿಜದಲ್ಲಿ ಅಷ್ಟು ಹೊತ್ತು ನಿಂತಿರಲಾರದು, ಹಿಂದೆ ಅನ್ನದವರು ಬರುತ್ತಿದ್ದರು. ನಾನು ಹಾಕಲಿಲ್ಲ. ಒಳ್ಳೆಯವಳೆಂದು ಬಿಟ್ಟದ್ದಲ್ಲ. ಉಸಿರು ಕಟ್ಟಿ ಸತ್ತರೆ ನನ್ನ ಕೈಗೆ ಏನೂ ಉಳಿಯುವುದಿಲ್ಲ. ಸಾಯದಿದ್ದರೆ ಗಂಧೆ ಬೆಳಗಾಗುವುದರೊಳಗೆ ಇಳಿಯುತ್ತದೆ. ನನಗೆ ಇಳಿಯದಂಥದ್ದು ಬೇಕಿತ್ತು.

ಶ್ರಾವಣದ ಮೊದಲ ಶುಕ್ರವಾರ. ಅಂಗಡಿಯ ಹೆಂಗಸರ ಬದಿ ಕಿಕ್ಕಿರಿದಿತ್ತು. ನನ್ನ ನೆನಪು ಇಡೀ ಬ್ರೂಸ್‌ಪೇಟೆಯನ್ನೇ ಅಲ್ಲಿ ತಂದು ನಿಲ್ಲಿಸುತ್ತದೆ. ಅಷ್ಟು ಜನ ಆ ಜಾಗದಲ್ಲಿ ಹಿಡಿಯುವುದಿಲ್ಲ, ಹತ್ತು ಹನ್ನೆರಡು ಮಂದಿ ಇದ್ದಿರಬೇಕು. ಅತ್ತೆ ತಕ್ಕಡಿಯ ಮುಂದೆ. ನನಗೆ ಒಳಗೇ ಇರಲು ಹೇಳಿದ್ದಳು. ನಾನು ಮುಖ ತೊಳೆದೆ. ಮೇಣ ಮುಟ್ಟಲಿಲ್ಲ. ಹುಣ್ಣಿನ ಮೇಲ್ಗಡೆ, ಕೂದಲಿನ ಅಂಚಿಗೆ, ಮೂರು ಬೆರಳಿನಿಂದ ಅಡ್ಡಕ್ಕೆ ವಿಭೂತಿ ಎಳೆದುಕೊಂಡೆ. ವಿಭೂತಿ ಬೇಡ ಅನ್ನಲು ಆ ಮನೆಯಲ್ಲಿ ಯಾರಿಗೂ ಬಾಯಿರಲಿಲ್ಲ. ಅದರ ಕೆಳಗೆ ಹುಬ್ಬುಗಳ ನಡುವೆ ಹಸಿ ಹುಣ್ಣು, ಬೆಳಕಿನಲ್ಲಿ. ಸೆರಗನ್ನು ಹಿಂದಕ್ಕೆ ಸರಿಸಿ ಹೊರಗೆ ಬಂದು ಅತ್ತೆಯ ಪಕ್ಕ ಕೂತೆ.

ಕೊಳಗಲ್ಲಿನ ಒಬ್ಬ ಹಿರಿಯ ಹೆಂಗಸು ಕೈಯಲ್ಲಿ ಪೊಟ್ಟಣ ಹಿಡಿದಿದ್ದಳು. "ಯಾಕವ್ವಾ, ಹಬ್ಬದ ದಿನ ಹಣಿ ಹಿಂಗ್ಯಾಕ?"

ಮಾವ ಗಲ್ಲಾಪೆಟ್ಟಿಗೆಯ ಮುಂದೆ ಕೂತೇ ನಕ್ಕು, ಹುಡುಗಿಗೆ ಉಷ್ಣ ಅಂದ.

"ಉಷ್ಣಲ್ರಿ," ಅಂದೆ. "ನಮ್ಮ ಅಂಗಡಿ ಕುಂಕುಮ ನನಗ ಆಗಂಗಿಲ್ಲ. ಬಣ್ಣ ಐತಿ ಅದರಾಗ. ದವಾಖಾನ್ಯಾಗ ಹಚ್ಚಿ ನೋಡ್ಯಾರ."

"ಒಳಗ ನಡಿ," ಅಂದಳು ಅತ್ತೆ, ಮೆಲ್ಲಗೆ.

"ಅತ್ತಿಗೂ ಆಗಂಗಿಲ್ರಿ. ಅವರು ಸಿರುಗುಪ್ಪದಾಗ ತವರಮನ್ಯಾಗ ಮಾಡಿಸಿ ತರಿಸ್ಕೊಂಡು ಹಚ್ತಾರ. ನೋಡ್ರಿ, ಎರಡೂ ಕೆಂಪು ಒಂದ ಅದಾವೇನು?"

ಮಾತು ಇಷ್ಟೇ ಸ್ವಚ್ಛವಾಗಿ ಬಂದಿತ್ತೋ, ನಡುವೆ ತೊದಲಿದೆನೋ ಹೇಳಲಾರೆ. ಆಮೇಲೆ ಆದದ್ದನ್ನು ಮಾತ್ರ ಆಣೆ ಮಾಡಿ ಹೇಳಬಲ್ಲೆ. ಅಲ್ಲಿದ್ದ ಹೆಂಗಸರೆಲ್ಲ ಅತ್ತೆಯ ಹಣೆ ನೋಡಿದರು. ಆಮೇಲೆ ಕೈಯಲ್ಲಿದ್ದ ಪೊಟ್ಟಣ ನೋಡಿದರು. ಮತ್ತೆ ಹಣೆ ನೋಡಿದರು. ಅತ್ತೆಯ ಕೈ ಬೊಟ್ಟು ಮುಚ್ಚಲು ಮೇಲಕ್ಕೆ ಹೋಯಿತು, ಅರ್ಧಕ್ಕೆ ನಿಂತು ಕೆಳಗಿಳಿಯಿತು. ಕೊಳಗಲ್ಲಿನವಳು ಪೊಟ್ಟಣವನ್ನು ತಕ್ಕಡಿಯ ಪಕ್ಕ ಇಟ್ಟಳು. ಹಿಂದಿದ್ದ ಇನ್ನೊಬ್ಬಳು ತನ್ನ ಮಗಳ ಗದ್ದ ಹಿಡಿದೆತ್ತಿ ಹುಬ್ಬಿನ ನಡುವಿನ ಕಪ್ಪು ಕಲೆಯನ್ನು ನನಗೆ ತೋರಿಸಿದಳು. ಊದಬತ್ತಿ ಕೊಳ್ಳಲು ಬಂದಿದ್ದ ಪಕ್ಕದ ಓಣಿಯ ಮುಸಲ್ಮಾನರ ಮನೆಯ ಮುದುಕಿ ಮಾವನಿಗೆ, "ಊದಿನಕಡ್ಡಿ ಆದ್ರೂ ಖರೇ ಅದಾವೋ, ಅವಕ್ಕೂ ಬಣ್ಣ ಬಳ್ದೀಯೋ ಸಾಹುಕಾರ?" ಅಂದಳು. ಯಾರೋ ನಕ್ಕರು. ಆ ನಗು ನನಗೆ ಹಬ್ಬದೂಟಕ್ಕಿಂತ ರುಚಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಸಂಜೆ ಬಾಗಿಲು ಹಾಕಿದ ಮೇಲೆ ಮಾವ ಮಗನಿಗೆ, ನಾಳೆ ಮೊದಲ ಬಸ್ಸಿಗೆ ಇವಳನ್ನು ಕುರುಗೋಡಿಗೆ ಹತ್ತಿಸು ಅಂದ. ಗಂಡ ನನ್ನ ಕಡೆ ನೋಡಿದ. ನಾನು ಆಗಲೇ ಸೀರೆ ಮಡಚುತ್ತಿದ್ದೆ.

"ಹೋಗ್ತೀನ್ರಿ," ಅಂದೆ. "ಬಸ್ಸಿನಾಗೂ ಹೆಂಗಸರು ಇರತಾರ. ಸಂತ್ಯಾಗೂ ಇರತಾರ. ಹಣಿ ನೋಡಿ ಕೇಳೇ ಕೇಳ್ತಾರ. ಹೇಳ್ತೀನಿ."

ಮಾವ ವ್ಯಾಪಾರಸ್ಥ, ಬೇಗ ಅರ್ಥ ಮಾಡಿಕೊಂಡ. ಮನೆಯೊಳಗಿದ್ದರೆ ಒಂದು ಅಂಗಡಿಯ ಬಾಯಿ, ಹೊರಗೆ ಬಿಟ್ಟರೆ ಇಡೀ ತಾಲೂಕಿನ ಬಾಯಿ. ಬೆಳಿಗ್ಗೆ ಬಸ್ಸಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಕಂಪ್ಲಿಯ ಹುಡುಗಿಯ ಸುದ್ದಿಯನ್ನೂ ಎತ್ತಲಿಲ್ಲ. ಅವರು ನನ್ನನ್ನು ಉಳಿಸಿಕೊಂಡದ್ದು ಹೆದರಿಕೆಯಿಂದ, ನಾನು ಉಳಿದದ್ದು ಹಟದಿಂದ. ಎಷ್ಟೋ ಸಂಸಾರಗಳು ಇದಕ್ಕಿಂತ ಹಗುರವಾದ ಕಾರಣಕ್ಕೆ ನಿಂತಿವೆ.

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮಾವ ಅದನ್ನೂ ಕೆಡಿಸಿದ. ಬಣ್ಣದ ಡಬ್ಬಿಗಳನ್ನು ಸಾಗಿಸಿ, ಸಿರುಗುಪ್ಪದಿಂದ ಕುಂಕುಮ ತರಿಸಿ, ಮನೆ ಕುಂಕುಮ ಅಂತ ಹೆಸರಿಟ್ಟು ಮಾರತೊಡಗಿದ. ದಸರೆಯ ಹೊತ್ತಿಗೆ ಹೋದ ಗಿರಾಕಿಗಳು ತಿರುಗಿ ಬಂದರು. ನಮ್ಮ ಸೊಸಿ ದವಾಖಾನ್ಯಾಗ ಪರೀಕ್ಷೆ ಮಾಡಿಸಿದ್ದು ಅಂತ ಜಂಬದಿಂದ ಹೇಳಿಕೊಳ್ಳುತ್ತಿದ್ದ. ನನ್ನ ಸೇಡು ಆತನ ಕೈಯಲ್ಲಿ ಜಾಹೀರಾತಾಯಿತು. ಈಗ ಇದನ್ನು ಹಚ್ಚಿಕೋ, ಇದು ಒಳ್ಳೆಯದಲ್ಲವೇ, ಗಿರಾಕಿಗಳು ನೋಡಲಿ ಅಂದರು. ಒಳ್ಳೆಯದೇ ಇತ್ತು. ಬಹುಶಃ ನನಗೆ ಏನೂ ಆಗುತ್ತಿರಲಿಲ್ಲ. ನಾನು ಹಚ್ಚಲಿಲ್ಲ. ವಿಭೂತಿ ಎಳೆದುಕೊಂಡು, ಹುಬ್ಬಿನ ನಡುವೆ ಉಳಿದ ಕಪ್ಪು ಕಲೆಯನ್ನು ಬರಿದಾಗಿ ಬಿಟ್ಟುಕೊಂಡು, ಪ್ರತಿ ಹಬ್ಬಕ್ಕೂ ಹೆಂಗಸರ ಬದಿಯಲ್ಲಿ ಕೂತೆ. ಹೊಸ ಗಿರಾಕಿ ಕೇಳಿದಾಗಲೆಲ್ಲ ಮೊದಲಿನಿಂದ ಕೊನೆಯ ತನಕ ಹೇಳಿದೆ. ಮೇಣ, ಹೆಬ್ಬೆರಳು, ಬೆನ್ನಿನ ಪಟ್ಟಿ, ಸಿರುಗುಪ್ಪದ ಹಿತ್ತಲು. ಅತ್ತೆ ಪಕ್ಕದಲ್ಲಿ ಕರ್ಪೂರ ತೂಗುತ್ತ ಕೇಳುತ್ತಿದ್ದಳು. ಎದ್ದು ಹೋಗುವಂತಿರಲಿಲ್ಲ, ತಕ್ಕಡಿ ಆಕೆಯ ಮುಂದೆ ಇತ್ತು. ಹೇಳುತ್ತ ಹೇಳುತ್ತ ಕತೆ ನುಣುಪಾಯಿತು. ಎಲ್ಲಿ ನಿಲ್ಲಬೇಕು, ಎಲ್ಲಿ ಆಕೆಯ ಕಡೆ ತಿರುಗಬೇಕು ಗೊತ್ತಾಯಿತು. ಇದರಲ್ಲಿ ಎಷ್ಟು ನಡೆದದ್ದು, ಎಷ್ಟು ಅಂಗಡಿಯಲ್ಲಿ ಪಾಲೀಷಾದದ್ದು ಅಂತ ನನಗೆ ಗೊಂದಲವಿರುವುದು ಇದೇ ಕಾರಣಕ್ಕೆ.

ಹಲವು ವರ್ಷ ಕಳೆದ ಮೇಲೆ, ಎಂಬತ್ತರ ದಶಕದಲ್ಲಿ, ಒಂದು ಶ್ರಾವಣದಲ್ಲಿ ಗಿರಾಕಿಗಳಿಲ್ಲದ ಹೊತ್ತು ನೋಡಿ ಅತ್ತೆ ಕೇಳಿದಳು. ದನಿ ಸೋತಿತ್ತು.

"ಇನ್ನಾ ಎಷ್ಟ್ ಸಲ ಹೇಳ್ತೀಯವ್ವಾ?"

"ಕೇಳಿದಷ್ಟ್ ಸಲ, ಅತ್ತಿ."

ಆಕೆ ತಕ್ಕಡಿಯ ತಟ್ಟೆ ಒರೆಸತೊಡಗಿದಳು. ಅಷ್ಟರಲ್ಲಿ ಕುಡತಿನಿ ಕಡೆಯ ಒಬ್ಬ ಹೊಸ ಮದುವಣಗಿತ್ತಿ ತನ್ನ ಅತ್ತೆಯ ಜೊತೆ ಮೆಟ್ಟಿಲು ಹತ್ತಿ ಬಂದಳು. ಕುಂಕುಮ ಕೇಳುವ ಮೊದಲು ನನ್ನ ಹಣೆ ನೋಡಿದಳು. ನಾನು ಅವಳಿಗೆ ಕೂರಲು ಜಾಗ ಮಾಡಿಕೊಟ್ಟೆ.